ಮಾತು ನಿಂತ ಮನೆಯಲ್ಲಿ ಚಿತ್ರ, ವೇಷ, ಕಥೆ

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಇಳಕಲ್ಲಿನ ನೇಕಾರರ ಓಣಿಯ ಮನೆ. ನಡುಮನೆಯಲ್ಲೇ ಕುಣಿಮಗ್ಗ. ತಂದೆ ಮಗ್ಗದಲ್ಲಿ ಕುಳಿತಿದ್ದಾನೆ, ತಾಯಿ ರಾಟೆಯ ಮುಂದೆ ಕಂಡಿಕೆ ಸುತ್ತುತ್ತಿದ್ದಾಳೆ. ಇಬ್ಬರ ನಡುವೆ ನಾಲ್ಕು ಹೆಜ್ಜೆಯ ದೂರವೂ ಇಲ್ಲ. ಆದರೂ ತಾಯಿ ಹೊಸ್ತಿಲ ಬಳಿ ಓದುತ್ತ ಕುಳಿತ ಕಿರಿಯ ಮಗನನ್ನು ಕರೆದು, “ನಿಮ್ಮಪ್ಪಗ ಹೇಳು, ಕೆಂಪು ನೂಲು ಮುಗದೈತಿ” ಎನ್ನುತ್ತಾಳೆ. ಮಗ ಹೇಳುವುದೇನು, ತಂದೆಗೆ ಆಗಲೇ ಕೇಳಿಸಿದೆ. ಆದರೂ ಆತ ಕಾಯುತ್ತಾನೆ. ಮಗ ಹೇಳಿದ ಮೇಲೆ, “ನಿಮ್ಮವ್ವಗ ಹೇಳು, ಸಾವುಕಾರ್ರು ನಾಳೆ ಕೊಡ್ತಾರಂತ” ಎಂದು ಉತ್ತರ ಬರುತ್ತದೆ.

ಎರಡು ವರ್ಷಗಳಿಂದ ಈ ಗಂಡಹೆಂಡಿರ ಮಾತು ಹೀಗೆಯೇ ನಡೆದಿದೆ. ಮನೆಯಲ್ಲಿ ಮೊದಲು ಎರಡು ಮಗ್ಗಗಳಿದ್ದವು. ಸಾಲ ತೀರಿಸಲು ಒಂದನ್ನು ಮಾರುವಾಗ ಗಂಡ ತನ್ನನ್ನು ಒಂದು ಮಾತು ಕೇಳಲಿಲ್ಲ ಎಂಬುದು ಆಕೆಯ ನೋವು. ಕೇಳುವ ಧೈರ್ಯ ತನಗಿರಲಿಲ್ಲ ಎಂಬುದು ಆತ ಯಾರಿಗೂ ಹೇಳದ ನೋವು.

ಮಗ ಪಿಯುಸಿ ಮುಗಿಸಿ ಬಾಗಲಕೋಟೆಯ ಕಾಲೇಜಿಗೆ ಸೇರಿದ, ಹಾಸ್ಟೆಲಿನಲ್ಲಿ ಕೋಣೆ ಸಿಕ್ಕಿತು. ಒಂದೇ ತಿಂಗಳಲ್ಲಿ ಹೊಟ್ಟೆನೋವು ಆರಂಭವಾಯಿತು. ಮನೆಗೆ ಬಂದರೆ ಎರಡು ದಿನಕ್ಕೆ ಶಮನ. ಮರಳಿ ಹೊರಟರೆ ಬಸ್ಸು ಹುನಗುಂದ ದಾಟಿ ಅಮೀನಗಡ ಮುಟ್ಟುವಷ್ಟರಲ್ಲಿ ಮತ್ತೆ ನೋವು. ರಕ್ತಪರೀಕ್ಷೆಯಾಯಿತು, ಸ್ಕ್ಯಾನಿಂಗ್ ಆಯಿತು, ದೇವರಿಗೆ ಹರಕೆಯೂ ಆಯಿತು. ವೈದ್ಯರಿಗೆ ಯಾವ ದೋಷವೂ ಕಾಣಲಿಲ್ಲ. “ಕಾಲೇಜ್ ತಪ್ಪಿಸಾಕ ನಾಟಕ ಮಾಡ್ತಾನ” ಎಂದು ಅಣ್ಣ ಬೈದ. ನಾಟಕವಲ್ಲ, ನೋವು ನಿಜವಾದದ್ದೇ. ಆದರೆ ಅದರ ಬೇರು ಹೊಟ್ಟೆಯಲ್ಲಿರಲಿಲ್ಲ.

ಈ ಕುಟುಂಬ ವಿವರಣೆಗಾಗಿ ನಾವು ಕಟ್ಟಿಕೊಂಡದ್ದು. ಆದರೆ ಕುಟುಂಬ ಚಿಕಿತ್ಸಕರ ಕೋಣೆಗೆ ಇಂಥ ಮನೆಗಳು ನಿತ್ಯವೂ ಬರುತ್ತವೆ. ಅಲ್ಲಿ ಮಾತ್ರೆಯ ಬದಲು ಹುಣಸೆಬೀಜ, ಸೀಮೆಸುಣ್ಣ, ಖಾಲಿ ಕುರ್ಚಿ, ಒಂದು ಅರ್ಧ ಹೇಳಿದ ಕಥೆ ಏಕೆ ಹೊರಬರುತ್ತವೆ ಎಂಬುದನ್ನು ಈ ಕುಟುಂಬವನ್ನು ಜೊತೆಗಿಟ್ಟುಕೊಂಡೇ ನೋಡೋಣ.

ರೋಗಿ ಯಾರು?

ಜ್ವರ ಬಂದವನು ಒಬ್ಬ, ಮಾತ್ರೆ ನುಂಗುವವನೂ ಅವನೇ. ಮನಸ್ಸಿನ ಕಾಯಿಲೆಗಳನ್ನೂ ವೈದ್ಯಶಾಸ್ತ್ರ ಬಹುಕಾಲ ಹೀಗೆಯೇ ನೋಡಿತು. 1950ರ ದಶಕದಲ್ಲಿ ಅಮೆರಿಕದ ಕೆಲವು ಸಂಶೋಧಕರು ಬೇರೊಂದು ಪ್ರಶ್ನೆ ಕೇಳಿದರು. ಆಸ್ಪತ್ರೆಯಲ್ಲಿ ಗುಣವಾದವನು ಮನೆಗೆ ಹೋದ ಕೂಡಲೇ ಮತ್ತೆ ಕೆಡುವುದೇಕೆ? ಒಬ್ಬ ಸುಧಾರಿಸಿದಾಗ ಅದೇ ಮನೆಯಲ್ಲಿ ಇನ್ನೊಬ್ಬರು ಹಾಸಿಗೆ ಹಿಡಿಯುವುದೇಕೆ? ಗ್ರೆಗರಿ ಬೇಟ್ಸನ್, ಮರ್ರೆ ಬೋವೆನ್, ವರ್ಜೀನಿಯಾ ಸಟೀರ್, ಸಾಲ್ವಡಾರ್ ಮಿನುಚಿನ್ ಮೊದಲಾದವರು ಬೇರೆ ಬೇರೆ ದಾರಿಗಳಿಂದ ಒಂದೇ ಕಡೆ ಬಂದರು. ಕುಟುಂಬವೆಂದರೆ ಬಿಡಿ ವ್ಯಕ್ತಿಗಳ ಗುಂಪಲ್ಲ; ಒಬ್ಬರ ನಡೆಗೆ ಇನ್ನೊಬ್ಬರ ನಡೆ ಕಾರಣವೂ ಆಗಿ, ಪರಿಣಾಮವೂ ಆಗಿ ಸುತ್ತುವ ಒಂದು ವ್ಯವಸ್ಥೆ. ಇಬ್ಬರ ನಡುವಿನ ಬಿಗುವು ತಡೆಯಲಾರದಷ್ಟಾದಾಗ ಅವರು ಮೂರನೆಯ ಒಬ್ಬರನ್ನು ನಡುವೆ ಎಳೆದುಕೊಳ್ಳುತ್ತಾರೆ. ಇದನ್ನು ಬೋವೆನ್ ತ್ರಿಕೋನ ಎಂದು ಕರೆದರು. ನಮ್ಮ ಇಳಕಲ್ಲಿನ ಹುಡುಗ ಇಂಥ ಒಂದು ತ್ರಿಕೋನದ ಮೂರನೆಯ ಮೂಲೆ.

ಭಾರತದಲ್ಲಿ ಈ ವಿಚಾರ ಪುಸ್ತಕದಿಂದ ಮಾತ್ರ ಬಂದದ್ದಲ್ಲ ಎಂಬುದನ್ನು ನೀವು ತಿಳಿದಿರಬೇಕು. 1950ರ ದಶಕದಲ್ಲಿಯೇ ಅಮೃತಸರದ ಮಾನಸಿಕ ಆಸ್ಪತ್ರೆಯ ಅಧೀಕ್ಷಕರಾಗಿದ್ದ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಮನೆಯವರನ್ನು ಅವರ ಜೊತೆಯಲ್ಲೇ ಇರಿಸಿದರು. ಮನೆಯವರು ನೋಡಿ ಕಲಿತರು, ಹೆದರಿಕೆ ಬಿಟ್ಟರು, ರೋಗಿಗಳು ಬೇಗ ಊರಿಗೆ ಮರಳಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮುಂದೆ ಇಡೀ ಕುಟುಂಬವೇ ಬಂದು ಉಳಿಯುವ ವಾರ್ಡು ನಡೆಯಿತು. ಅಲ್ಲಿನ ಭಟ್ಟಿ, ಜಾನಕಿರಾಮಯ್ಯ ಮತ್ತು ಚನ್ನಬಸವಣ್ಣ ಅವರು ಈ ಅನುಭವವನ್ನು 1980ರಲ್ಲಿ ‘ಫ್ಯಾಮಿಲಿ ಪ್ರೊಸೆಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ಅಮೆರಿಕದವರಿಗೆ ಮನೆಯವರನ್ನು ಚಿಕಿತ್ಸೆಗೆ ಕರೆತರುವುದೇ ಕಷ್ಟದ ಕೆಲಸ. ನಮ್ಮಲ್ಲಿ ಬೇಡವೆಂದರೂ ನಾಲ್ವರು ಬಂದೇ ಬರುತ್ತಾರೆ!

ಬಂದರೇನೋ ಸರಿ, ಮಾತಾಡುವವರು ಯಾರು?

ಬಾಯಿಯ ಸರದಿ

ನಮ್ಮ ಮನೆಗಳಲ್ಲಿ ಮಾತಿಗೆ ಒಂದು ಸರದಿಯಿದೆ. ಮೊದಲು ಹಿರಿಯರು, ಆಮೇಲೆ ಗಂಡಸರು. ಸೊಸೆ ಮಾವನೆದುರು ಸೆರಗು ಹೊದ್ದು ಗೋಡೆಯ ಪಕ್ಕ ನಿಲ್ಲುತ್ತಾಳೆ, ಕುರ್ಚಿ ಕೊಟ್ಟರೂ ಕೂರುವುದಿಲ್ಲ. ಚಿಕ್ಕವರು ಕೇಳಿದ್ದಕ್ಕೆ ಮಾತ್ರ ಉತ್ತರಿಸಬೇಕು. ಚಿಕಿತ್ಸಕರು “ಏನು ತೊಂದರೆ?” ಎಂದು ಕೇಳಿದರೆ ತಂದೆ ಐದು ನಿಮಿಷ ಮಾತಾಡುತ್ತಾನೆ, ಉಳಿದವರು ತಲೆಯಾಡಿಸುತ್ತಾರೆ. ಇದು ಗೌರವದ ರೀತಿಯೇ ಹೌದು, ಇದನ್ನು ಮುರಿಯಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಮನೆಯ ಗಂಟು ಎಲ್ಲಿದೆ ಎಂದು ಬಲ್ಲವಳು ಬಹಳ ಸಲ ಗೋಡೆಯ ಪಕ್ಕ ನಿಂತ ಸೊಸೆಯೇ ಆಗಿರುತ್ತಾಳೆ.

ಮಾತಿನ ಇನ್ನೊಂದು ತೊಂದರೆ ಅದರ ಸವೆತ. ಹತ್ತು ವರ್ಷ ಜಗಳಾಡಿದ ಗಂಡಹೆಂಡಿರಿಗೆ ಪರಸ್ಪರರ ಮುಂದಿನ ವಾಕ್ಯ ಬಾಯಿಪಾಠವಾಗಿರುತ್ತದೆ. ಆಕೆ ಬಾಯಿ ತೆರೆಯುವ ಮೊದಲೇ ಆತನ ಉತ್ತರ ಸಿದ್ಧ. ಅಂಥ ಕಡೆ ಇನ್ನಷ್ಟು ಮಾತಾಡಿಸುವುದರಿಂದ ಗಾಡಿಯ ಗಾಲಿ ಅದೇ ಜಾಡಿನಲ್ಲಿ ಇನ್ನಷ್ಟು ಆಳಕ್ಕಿಳಿಯುತ್ತದೆ.

ಚಿತ್ರ, ನಕ್ಷೆ, ವೇಷ, ಕಥೆಗಳಿಗೆ ಈ ಸರದಿ ಅನ್ವಯಿಸುವುದಿಲ್ಲ. ರಂಗೋಲಿ ಹಾಕುವುದರಲ್ಲಿ ಸೊಸೆಯ ಕೈ ಮಾವನ ಕೈಗಿಂತ ಮುಂದು. ಬೊಂಬೆ ಆಡಿಸುವುದರಲ್ಲಿ ಆರು ವರ್ಷದ ಹುಡುಗಿಯೇ ಹಿರಿಯಳು. ಸೃಜನಶೀಲ ತಂತ್ರಗಳೆಂದು ಕರೆಯಲಾಗುವ ಇವುಗಳ ಮುಖ್ಯ ಉಪಯೋಗ ಇದೇ ಎಂಬುದು ನನ್ನ ಅಭಿಪ್ರಾಯ: ಎಂದೂ ಬಾಯಿಯ ಸರದಿ ಬಾರದವರಿಗೆ ಒಂದು ಸರದಿ ಸಿಗುತ್ತದೆ. ‘ಮನರಂಜನೆಯಿಂದ ಮನಸ್ಸು ಹಗುರ’ ಎಂಬ ವಿವರಣೆಯನ್ನು ಕೆಲವರು ಕೊಡುತ್ತಾರೆ. ಅದು ಸಾಲದು.

ನೆಲದ ಮೇಲಿನ ನಕ್ಷೆ

ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ಕುಟುಂಬದ ನಕ್ಷೆ ಬರೆಯಲಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಜೆನೋಗ್ರಾಂ ಎಂದು ಹೆಸರು. ಬೋವೆನ್ ಆರಂಭಿಸಿದ ಈ ಪದ್ಧತಿಗೆ ಮೋನಿಕಾ ಮೆಕ್‌ಗೋಲ್ಡ್ರಿಕ್ ಮತ್ತು ರ‍್ಯಾಂಡಿ ಗರ್ಸನ್ 1985ರ ತಮ್ಮ ಪುಸ್ತಕದಲ್ಲಿ ಒಂದು ಸಮಾನ ರೂಪ ಕೊಟ್ಟರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡವರ ಗುರುತಿನ ಮೇಲೆ ಕತ್ತರಿ ಗೀಟು. ಮದುವೆಗೆ ಅಡ್ಡಗೆರೆ, ಮಕ್ಕಳಿಗೆ ಇಳಿಗೆರೆ. ಕನಿಷ್ಠ ಮೂರು ತಲೆಮಾರು ಇರಬೇಕು. ಇಷ್ಟಾದರೆ ಅದು ಬರೀ ವಂಶವೃಕ್ಷ. ಅದರ ಮೇಲೆ ಸಂಬಂಧಗಳ ಗೆರೆಗಳು ಬರುತ್ತವೆ: ಹತ್ತಿರದವರ ನಡುವೆ ಜೋಡಿಗೆರೆ, ಜಗಳವಿದ್ದಲ್ಲಿ ಅಂಕುಡೊಂಕು ಗೆರೆ, ಸಂಬಂಧ ಕಡಿದಲ್ಲಿ ತುಂಡುಗೆರೆ.

ಕಾಗದ, ಪೆನ್ನು ಕಂಡರೆ ಹಿಂಜರಿಯುವವರು ಇರುತ್ತಾರೆ. ಆಗ ನೆಲದ ಮೇಲೆ ಸೀಮೆಸುಣ್ಣ, ಹುಣಸೆಬೀಜ, ಬಳೆಚೂರು, ಕಲ್ಲು ಸಾಕು. ನಮ್ಮ ಕುಟುಂಬದ ಅಜ್ಜಿಗೆ ಸಮಾಲೋಚಕಿ ಒಂದು ಹಿಡಿ ಹುಣಸೆಬೀಜ ಕೊಟ್ಟು, “ಆಯಿ, ನಿಮ್ಮ ಮನಿ ಮಂದಿನ್ನೆಲ್ಲಾ ಇಲ್ಲಿ ಇಡ್ರಿ ನೋಡೂಣು” ಎಂದರೆನ್ನಿ. ಚೌಕಾಬಾರ ಆಡಿದ ಕೈ ಅದು, ತಡವರಿಸುವುದಿಲ್ಲ. ಸತ್ತ ಗಂಡನನ್ನೂ, ಹುಬ್ಬಳ್ಳಿಗೆ ಹೋಗಿ ಮರಳಿ ಬಾರದ ಹಿರಿಯ ಮಗನನ್ನೂ ಆಕೆ ಇಡುತ್ತಾಳೆ. ಆ ಹಿರಿಯ ಮಗ ಹೋದದ್ದೇಕೆ? ಆಗಲೂ ಒಂದು ಮಗ್ಗದ ಮಾರಾಟ, ಆಗಲೂ ಯಾರನ್ನೂ ಕೇಳದ ತೀರ್ಮಾನ. ತನ್ನ ಅಪ್ಪ ಮಾಡಿದ್ದನ್ನೇ ತಾನೂ ಮಾಡಿದ್ದೇನೆ ಎಂಬುದನ್ನು ಆ ಮನೆಯ ಯಜಮಾನ ಮೊದಲ ಸಲ ಕಂಡದ್ದು ಆ ಬೀಜಗಳಲ್ಲಿ. ಯಾರೂ ಆತನಿಗೆ ತಪ್ಪು ಹೊರಿಸಲಿಲ್ಲ ಎಂಬುದನ್ನು ಗಮನಿಸಿ.

ಬಾಗಲಕೋಟೆಯ ಓದುಗರಿಗೆ ಇನ್ನೊಂದು ಬಗೆಯ ನಕ್ಷೆ ಕೂಡಲೇ ಅರ್ಥವಾಗುತ್ತದೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹಳೆಯ ಪಟ್ಟಣದ ಎಷ್ಟೋ ಓಣಿಗಳು ಸಿಕ್ಕು, ಜನ ನವನಗರಕ್ಕೆ ಬಂದರು. ಒಂದೇ ಪಡಸಾಲೆಯಲ್ಲಿ ಉಂಡ ಅಣ್ಣತಮ್ಮಂದಿರು ಬೇರೆ ಬೇರೆ ಸೆಕ್ಟರುಗಳ ಬೇರೆ ಬೇರೆ ನಿವೇಶನಗಳಿಗೆ ಹೋದರು. ಪರಿಹಾರದ ಹಣ ಹಂಚಿಕೊಳ್ಳುವಾಗ ಮಾತು ಬಿಟ್ಟ ಮನೆಗಳೂ ಇವೆ. ಇಂಥ ಕುಟುಂಬವನ್ನು ಕೂರಿಸಿ, “ನಿಮ್ಮ ಹಳೆಯ ಮನೆಯ ನಕ್ಷೆಯನ್ನು ಎಲ್ಲರೂ ಸೇರಿ ಒಂದೇ ಹಾಳೆಯಲ್ಲಿ ಬರೆಯಿರಿ” ಎಂದು ಹೇಳುವುದು ಬಹಳ ಸರಳವಾದ ತಂತ್ರ. ಕಟ್ಟೆ ಎಲ್ಲಿತ್ತು, ಹಗೇವು ಎಲ್ಲಿತ್ತು, ಯಾರ ಹಾಸಿಗೆ ಯಾವ ಮೂಲೆಯಲ್ಲಿತ್ತು? ಚಿಕ್ಕವರು ಎಂದೂ ನೋಡದ ಮನೆ ಹಾಳೆಯ ಮೇಲೆ ಏಳುತ್ತದೆ. “ಅಲ್ಲಲ್ಲ, ತುಳಸಿಕಟ್ಟಿ ಈ ಕಡೆ” ಎಂದು ತಮ್ಮ ತಿದ್ದುತ್ತಾನೆ, ಅಣ್ಣ ಪೆನ್ಸಿಲು ಅವನ ಕೈಗೆ ಕೊಡುತ್ತಾನೆ. ಹಣದ ಮಾತು ಆಮೇಲೆ ಬಂದೇ ಬರುತ್ತದೆ. ಆದರೆ ತಾವೆಲ್ಲ ಕಳೆದುಕೊಂಡದ್ದು ಒಂದನ್ನೇ ಎಂದು ನೋಡಿಕೊಂಡ ಮೇಲೆ ಆ ಮಾತು ಬರುತ್ತದೆ. ಹಾಳೆಯ ಮೇಲೆ ಯಾರು ನಡುವೆ ಬರೆದರು, ಯಾರು ಅಂಚಿನಲ್ಲಿ ಉಳಿದರು, ಯಾರ ಗೆರೆಯನ್ನು ಯಾರು ಅಳಿಸಿದರು ಎಂಬುದನ್ನು ಚಿಕಿತ್ಸಕರು ನೋಡುತ್ತಿರುತ್ತಾರೆ.

ಮೈಯಿಂದ ಕಟ್ಟಿದ ಮೂರ್ತಿ

ಈಗ ನಮ್ಮ ಹುಡುಗನ ಕಡೆ ಬರೋಣ. ಕುಟುಂಬದವರನ್ನೇ ಮೂರ್ತಿಗಳಂತೆ ನಿಲ್ಲಿಸುವ ಒಂದು ವಿಧಾನವಿದೆ. 1960ರ ದಶಕದ ಕೊನೆ ಮತ್ತು 1970ರ ದಶಕದ ಆರಂಭದಲ್ಲಿ ಡೇವಿಡ್ ಕ್ಯಾಂಟರ್, ಡುಲ್ ದಂಪತಿ, ಪೆಗ್ಗಿ ಪ್ಯಾಪ್ ಮುಂತಾದವರು ಇದನ್ನು ಬೆಳೆಸಿದರು. ಸಟೀರ್ ಇದಕ್ಕೆ ತಮ್ಮದೇ ರೂಪ ಕೊಟ್ಟರು. ಮನೆಯಲ್ಲಿ ಬಿಕ್ಕಟ್ಟು ಬಂದಾಗ ಒಬ್ಬ ಬೆರಳು ತೋರಿಸಿ ದೂರುತ್ತಾನೆ, ಒಬ್ಬಳು ಮಂಡಿಯೂರಿ ಒಲಿಸುತ್ತಾಳೆ, ಒಬ್ಬ ಮರದಂತೆ ಬಿಗಿದು ಲೆಕ್ಕ ಹೇಳುತ್ತಾನೆ, ಇನ್ನೊಬ್ಬ ಸಂಬಂಧವಿಲ್ಲದ ಮಾತಿನಿಂದ ಗಮನ ತಪ್ಪಿಸುತ್ತಾನೆ ಎಂದು ಆಕೆ ಗುರುತಿಸಿ, ಆ ಭಂಗಿಗಳಲ್ಲೇ ಜನರನ್ನು ನಿಲ್ಲಿಸುತ್ತಿದ್ದರು. ಇವರಲ್ಲಿ ನಿಮ್ಮ ಮನೆಯವರು ಯಾರಾದರೂ ಕಂಡರೆ ನಗಬೇಡಿ. ಅವರು ಓದಿದರೆ ಅವರಿಗೆ ನೀವು ಕಂಡಾರು.

ಸಮಾಲೋಚಕಿ ಹುಡುಗನಿಗೆ ಹೇಳುತ್ತಾರೆ: “ತಮ್ಮಾ, ನೀ ಶಿಲ್ಪಿ. ಇವರೆಲ್ಲ ಕಲ್ಲು. ನಿಮ್ಮ ಮನಿ ಒಳಗ ಹೆಂಗ ಇರ್ತಾರ, ಹಂಗ ನಿಂದರ್ಸು. ಮಾತಾಡಬ್ಯಾಡ.” ಪಕ್ಕದ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಶಾಲೆಯ ಪ್ರವಾಸದಲ್ಲಿ ನೋಡಿದ ಹುಡುಗನಿಗೆ ಇದರಲ್ಲಿ ವಿವರಿಸಬೇಕಾದ್ದೇನೂ ಇಲ್ಲ. ತಂದೆಯನ್ನು ಕೋಣೆಯ ಒಂದು ತುದಿಗೆ ಒಯ್ದು ಗೋಡೆಗೆ ಮುಖಮಾಡಿ ಕೂರಿಸುತ್ತಾನೆ. ತಾಯಿಯನ್ನು ಇನ್ನೊಂದು ತುದಿಯಲ್ಲಿ ಬೆನ್ನು ತಿರುಗಿಸಿ ನಿಲ್ಲಿಸುತ್ತಾನೆ. ಅಣ್ಣಅತ್ತಿಗೆಯರನ್ನು ಬಾಗಿಲಿನಲ್ಲಿ, ಅರ್ಧ ಒಳಗೆ, ಅರ್ಧ ಹೊರಗೆ. ಅಜ್ಜಿಯನ್ನು ಕಣ್ಣುಮುಚ್ಚಿಸಿ ಮೂಲೆಯಲ್ಲಿ. ತಾನು ನಡುವೆ ಬಂದು ಒಂದು ಕೈಯನ್ನು ಅಪ್ಪನ ಕಡೆ, ಇನ್ನೊಂದನ್ನು ಅವ್ವನ ಕಡೆ ಚಾಚುತ್ತಾನೆ. ಎರಡೂ ಕೈ ಎರಡೂ ಕಡೆ ಮುಟ್ಟುವುದಿಲ್ಲ. ಅತ್ತ ಒಂದು ಹೆಜ್ಜೆ ಓಡುತ್ತಾನೆ, ಇತ್ತ ಒಂದು ಹೆಜ್ಜೆ ಓಡುತ್ತಾನೆ.

“ಹಂಗ ಇರು. ಈಗ ಮೈಯಾಗ ಏನ ಆಗಾಕತ್ತೇತಿ?”

“ಹೊಟ್ಟಿ ಜಗ್ಗಾಕತ್ತೇತ್ರಿ ಅಕ್ಕಾರ.” ಸ್ವಲ್ಪ ತಡೆದು: “ನಾ ಲಾಳಿ ಆಗೇನ್ರಿ.”

ನೇಕಾರರ ಮನೆಯಲ್ಲಿ ಈ ಮಾತಿಗೆ ಟಿಪ್ಪಣಿ ಬೇಡ. ಲಾಳಿ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದರೆ ಮಾತ್ರ ಬಟ್ಟೆ. ಅದು ಬಾಗಲಕೋಟೆಯ ಹಾಸ್ಟೆಲಿಗೆ ಹೋದರೆ? ಹಾಸು ಹಾಸಾಗಿಯೇ ಉಳಿಯುತ್ತದೆ, ಮನೆಯಲ್ಲಿ ಮಾತು ಪೂರ್ತಿ ನಿಲ್ಲುತ್ತದೆ. ಹುಡುಗ ಹೆದರಿದ್ದು ಕಾಲೇಜಿಗಲ್ಲ. ತಾನಿಲ್ಲದ ಮನೆಯಲ್ಲಿ ಅಪ್ಪ ಅವ್ವ ಏನಾಗುವರು ಎಂಬುದಕ್ಕೆ. ಇದನ್ನು ಅವನು ಯೋಚಿಸಿ ಮಾಡಿದ್ದಲ್ಲ, ಅವನ ಹೊಟ್ಟೆ ಅವನ ಪರವಾಗಿ ತೀರ್ಮಾನಿಸಿತ್ತು.

ಚಿಕಿತ್ಸಕರು ಇಲ್ಲಿ ಅವಸರಪಟ್ಟು “ನೋಡಿ, ನಿಮ್ಮಿಂದ ಹುಡುಗನಿಗೆ ಹೀಗಾಯಿತು” ಎನ್ನುವುದಿಲ್ಲ. ಅಂದರೆ ದೂರುವವರ ಸಾಲಿಗೆ ಇನ್ನೊಬ್ಬರು ಸೇರಿದಂತಾಯಿತು. ಅವರು ತಂದೆತಾಯಿಯರಿಗೆ, ಮುಖ ತಿರುಗಿಸಿ ಈ ಮೂರ್ತಿಯನ್ನು ನೋಡಲು ಮಾತ್ರ ಹೇಳುತ್ತಾರೆ. ನಂತರ ಹುಡುಗನನ್ನು ಮತ್ತೊಮ್ಮೆ ಕೇಳುತ್ತಾರೆ: “ಹೆಂಗ ಇದ್ರ ನಿನಗ ಹಗುರ ಆಗ್ತೈತಿ, ಈಗ ಹಂಗ ನಿಂದರ್ಸು.” ಎರಡನೆಯ ಮೂರ್ತಿಯಲ್ಲಿ ಅವನು ಅಪ್ಪ ಅವ್ವರನ್ನು ಅಪ್ಪಿಸುವುದಿಲ್ಲ, ಸಿನಿಮಾದಂತೆ ಕೈಹಿಡಿಸುವುದೂ ಇಲ್ಲ. ಇಬ್ಬರ ಮುಖವನ್ನು ಎದುರುಬದುರು ತಿರುಗಿಸುತ್ತಾನೆ, ತಾನು ಹೋಗಿ ಅಜ್ಜಿಯ ಪಕ್ಕ ಕೂರುತ್ತಾನೆ.

ಬನಶಂಕರಿ ಜಾತ್ರೆಯಿಂದ ಒಂದು ಪಾಠ

ವೇಷ ಕಟ್ಟುವ ವಿದ್ಯೆಗೆ ನಿಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ವಾರಗಟ್ಟಲೆ ಡೇರೆ ಹಾಕುತ್ತವೆ. ಲೋಕಾಪುರದ ಕಡೆಯ ಶ್ರೀಕೃಷ್ಣ ಪಾರಿಜಾತ ಬಯಲಾಟದ ಹೆಸರು ನಾಡಿಗೆಲ್ಲ ಗೊತ್ತು. ಆ ಆಟದ ಕಥೆಯಾದರೂ ಏನು? ಒಂದು ಹೂವಿನ ನೆಪದಲ್ಲಿ ಮುನಿದ ಹೆಂಡತಿ, ಒಲಿಸಲು ತಿಣುಕಾಡುವ ಗಂಡ. ರಾತ್ರಿಯಿಡೀ ಊರಿನ ಗಂಡಹೆಂಡಿರೆಲ್ಲ ಒಂದು ದಾಂಪತ್ಯ ಕಲಹವನ್ನು ನೋಡಿ ನಕ್ಕು, ನಸುಕಿನಲ್ಲಿ ಮನೆಗೆ ಹೋಗುತ್ತಾರೆ. ದೇವರ ಮನೆಯಲ್ಲೂ ಇದೇ ಗೋಳು ಎಂದಮೇಲೆ ನಮ್ಮ ಮನೆಯ ಜಗಳ ಸ್ವಲ್ಪ ದೂರ ನಿಂತು ಕಾಣುತ್ತದೆ.

ನೋಡುವುದರಿಂದ ಇಷ್ಟಾದರೆ, ಸ್ವತಃ ಆಡುವುದರಿಂದ ಎಷ್ಟಾದೀತು? ಈ ಪ್ರಶ್ನೆಯ ಬೆನ್ನು ಹತ್ತಿದವರು ಜೇಕಬ್ ಮೊರೆನೊ ಎಂಬ ವೈದ್ಯರು. 1920ರ ದಶಕದಲ್ಲಿ ವಿಯೆನ್ನಾದಲ್ಲಿ ಬರೆದಿಟ್ಟ ಮಾತಿಲ್ಲದ ನಾಟಕಗಳನ್ನು ಆಡಿಸಿ, 1925ರಲ್ಲಿ ಅಮೆರಿಕಕ್ಕೆ ಹೋಗಿ, ಸೈಕೋಡ್ರಾಮಾ ಅಂದರೆ ಮನೋನಾಟಕವೆಂಬ ಚಿಕಿತ್ಸೆಯನ್ನು ಕಟ್ಟಿದರು. ಅದರ ಬಹು ಮುಖ್ಯ ಉಪಕರಣ ಪಾತ್ರಗಳ ಅದಲುಬದಲು. ಗಂಡ ಎದ್ದು ಹೆಂಡತಿಯ ಕುರ್ಚಿಯಲ್ಲಿ ಕೂರಬೇಕು, ಆಕೆಯಾಗಿಯೇ ಮಾತಾಡಬೇಕು. ಆಕೆ ಈತನ ಕುರ್ಚಿಯಲ್ಲಿ.

ನಮ್ಮ ನೇಕಾರ ಮೊದಲು ಒಪ್ಪುವುದಿಲ್ಲ. ಆತನಿಗೆ ಕಂಪನಿ ನಾಟಕಗಳ ಹುಚ್ಚಿದೆ ಎಂದು ತಿಳಿದಿದ್ದರೆ ಚಿಕಿತ್ಸಕರು ಆ ದಾರಿಯಿಂದಲೇ ಹೋಗುತ್ತಾರೆ. ಹೆಂಡತಿಯ ಕುರ್ಚಿಯಲ್ಲಿ ಕುಳಿತವನು ಮೊದಲು ಅಣಕ ಮಾಡುತ್ತಾನೆ, ಸೆರಗು ಸರಿಪಡಿಸುವ ನಟನೆ ಮಾಡುತ್ತಾನೆ, ಎಲ್ಲರೂ ನಗುತ್ತಾರೆ. ನಗಲಿ. ಎರಡು ನಿಮಿಷವಾದ ಮೇಲೆ ಸಮಾಲೋಚಕಿ ಕೇಳುತ್ತಾರೆ: “ಅಮ್ಮಾರ, ಮಗ್ಗ ಹೊರಗ ಒಯ್ಯೂ ಮುಂದ ನೀವು ಎಲ್ಲಿದ್ರಿ?” ಆತನಿಗೆ ಉತ್ತರ ಗೊತ್ತಿದೆ, ಆತ ನೋಡಿದ್ದಾನೆ. ಹೆಂಡತಿಯ ದನಿಯಲ್ಲಿ ಹೇಳುತ್ತಾನೆ: “ಒಲಿ ಮುಂದ ಕುಂತಿದ್ನಿ. ರೊಟ್ಟಿ ಹೊತ್ತಿತು.” ನಗು ನಿಲ್ಲುತ್ತದೆ. ಆ ಒಂದು ರೊಟ್ಟಿ ಹೊತ್ತಿದ್ದನ್ನು ಗಂಡ ಎರಡು ವರ್ಷ ನೆನಪಿಟ್ಟಿದ್ದ ಎಂಬ ಸಂಗತಿ ಆಕೆಗೆ ಆವರೆಗೆ ತಿಳಿದಿರಲಿಲ್ಲ.

ಬಯಲಾಟಕ್ಕೂ ಇದಕ್ಕೂ ವ್ಯತ್ಯಾಸವಿದೆ. ಬಯಲಾಟದ ಕೊನೆ ಮೊದಲೇ ಗೊತ್ತು, ಚಿಕಿತ್ಸೆಯಲ್ಲಿ ಗೊತ್ತಿಲ್ಲ. ಅಲ್ಲಿ ಪ್ರೇಕ್ಷಕರಿದ್ದಾರೆ, ಇಲ್ಲಿ ಪ್ರೇಕ್ಷಕರಿರಬಾರದು. ಆಟ ಮುಗಿದ ಮೇಲೆ ಪ್ರತಿಯೊಬ್ಬರನ್ನೂ ಪಾತ್ರದಿಂದ ಇಳಿಸಿ, ಅವರವರ ಹೆಸರಿನಿಂದ ಕರೆದು, ಅವರವರ ಜಾಗದಲ್ಲಿ ಕೂರಿಸದೆ ಮನೆಗೆ ಕಳಿಸಬಾರದು. ತರಬೇತಿಯಿಲ್ಲದವರು ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಬಚ್ಚಿಟ್ಟ ಕಥೆ

ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕನ್ನಡ ಜನಪದ ಕಥೆಯೊಂದು ಇದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಳು. ಉಸಿರುಗಟ್ಟಿದ ಅವು ಒಂದು ದಿನ ಆಕೆ ಮಲಗಿದ್ದಾಗ ಬಾಯಿಂದ ಹೊರಬಿದ್ದು, ಕಥೆ ಬಾಗಿಲಲ್ಲಿ ಜೋಡಾಯಿತು, ಹಾಡು ಗೂಟದಲ್ಲಿ ಅಂಗಿಯಾಯಿತು. ಗಂಡ ಬಂದ, “ಯಾರು ಬಂದಿದ್ದರು?” ಎಂದ, ಜಗಳವಾಯಿತು. ಸಿಟ್ಟಿನಿಂದ ಗುಡಿಗೆ ಹೋಗಿ ಮಲಗಿದವನಿಗೆ, ರಾತ್ರಿ ಅಲ್ಲಿ ಸೇರಿದ ಊರ ದೀಪಗಳ ಮಾತಿನಿಂದ ನಿಜ ತಿಳಿಯಿತು. ಮನೆಗೆ ಬಂದು ಕಥೆ ಕೇಳಿದರೆ ಆಕೆಗೆ ಅದು ಮರೆತೇಹೋಗಿತ್ತು. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ದೀಪಗಳು ಗುಡಿಯಲ್ಲಿ ಸೇರಿ ಮಾತಾಡುವುದನ್ನು ಓದಿದವರಿಗೆ ಇದು ನೆನಪಾಗಬಹುದು.

ಹೇಳದೆ ಉಳಿದದ್ದು ಬೇರೆ ರೂಪ ತಾಳಿ ಮನೆಯಲ್ಲಿ ಜಗಳ ತರುತ್ತದೆ ಎಂಬುದನ್ನು ಹೆಸರಿಲ್ಲದ ಯಾವಳೋ ಹೆಂಗಸು ಎಂದೋ ಹೇಳಿಟ್ಟಿದ್ದಾಳೆ. ಆಸ್ಟ್ರೇಲಿಯಾದ ಮೈಕೇಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ 1990ರ ತಮ್ಮ ಪುಸ್ತಕದಲ್ಲಿ ಕಥನ ಚಿಕಿತ್ಸೆಯನ್ನು ವಿವರಿಸಿದರು. ಅದರ ಒಂದು ಹೆಜ್ಜೆ, ಸಮಸ್ಯೆಯನ್ನು ಮನುಷ್ಯನಿಂದ ಬಿಡಿಸಿ ಹೊರಗಿಟ್ಟು ಅದಕ್ಕೊಂದು ಹೆಸರು ಕೊಡುವುದು. ‘ಹುಡುಗನೇ ಸಮಸ್ಯೆ’ ಎನ್ನುವ ಬದಲು ‘ಸಮಸ್ಯೆಯೇ ಸಮಸ್ಯೆ, ಹುಡುಗ ಅದರ ಜೊತೆ ಗುದ್ದಾಡುತ್ತಿದ್ದಾನೆ’ ಎನ್ನುವುದು.

ನಮ್ಮ ಕುಟುಂಬ ಹೆಸರನ್ನು ಆಗಲೇ ಕಂಡುಕೊಂಡಿದೆ. ಸಮಾಲೋಚಕಿ ಕೇಳುವ ಪ್ರಶ್ನೆಗಳು ಈಗ ಬದಲಾಗುತ್ತವೆ. ಲಾಳಿ ಯಾವ ಹೊತ್ತಿನಲ್ಲಿ ಹೆಚ್ಚು ಓಡುತ್ತದೆ? ಅದು ಓಡದೆ ನಿಂತ ದಿನ ಒಂದಾದರೂ ಇದೆಯೆ? ಇದೆ, ಅಜ್ಜಿಗೆ ಜ್ವರ ಬಂದ ರಾತ್ರಿ. ಗಂಡಹೆಂಡಿರು ನೇರವಾಗಿ ಮಾತಾಡಿಯೇ ಆಸ್ಪತ್ರೆಗೆ ಒಯ್ದರು. ಆ ರಾತ್ರಿ ಹುಡುಗನ ಹೊಟ್ಟೆ ನೋಯಲಿಲ್ಲ. ಇಂಥ ಒಂದು ಅಪವಾದ ಸಿಕ್ಕರೆ ಚಿಕಿತ್ಸಕರಿಗೆ ಹಿಡಿದೆಳೆಯಲು ಎಳೆ ಸಿಕ್ಕಂತೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಕುಣಿಕೆಯಾಗಿ ಸೇರಿಸುವ ಕೆಲಸವಿದೆ. ಆ ಹೋಲಿಕೆಯನ್ನು ಇಲ್ಲಿ ಬೆಳೆಸಬಹುದಿತ್ತು. ಆದರೆ ಹೋಲಿಕೆ ಮನೆಯವರ ಬಾಯಿಂದ ಬಂದರೆ ಮಾತ್ರ ಕೆಲಸ ಮಾಡುತ್ತದೆ, ಚಿಕಿತ್ಸಕರ ಬಾಯಿಂದ ಬಂದದ್ದು ಭಾಷಣ.

ಇನ್ನೂ ಕೆಲವು ತಂತ್ರಗಳನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಇಟಲಿಯ ಮಿಲಾನ್ ತಂಡದವರು ಒಬ್ಬರ ಬಗ್ಗೆ ಇನ್ನೊಬ್ಬರನ್ನು ಕೇಳುತ್ತಿದ್ದರು: “ಅವ್ವಗ ಸಿಟ್ಟು ಬಂದ್ರ ಮೊದಲ ಯಾರಿಗೆ ಗೊತ್ತಾಗ್ತೈತಿ?” ಅಮೆರಿಕದ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ಅವರದು ಪವಾಡದ ಪ್ರಶ್ನೆ: ಇಂದು ರಾತ್ರಿ ನೀವು ಮಲಗಿದ್ದಾಗ ಸಮಸ್ಯೆ ಮಾಯವಾದರೆ, ಬೆಳಿಗ್ಗೆ ಎದ್ದಾಗ ಅದು ನಿಮಗೆ ಯಾವ ಸಣ್ಣ ಸಂಗತಿಯಿಂದ ತಿಳಿಯುತ್ತದೆ? ಪತ್ರ ಬರೆಸುವುದು, ಬೊಂಬೆಗಳಿಂದ ಮಾತಾಡಿಸುವುದು, ‘ಮನೆಯವರೆಲ್ಲ ಏನಾದರೂ ಕೆಲಸ ಮಾಡುತ್ತಿರುವ ಚಿತ್ರ ಬರೆ’ ಎಂದು ಮಕ್ಕಳಿಗೆ ಹೇಳುವುದು, ಹೀಗೆ ಪಟ್ಟಿ ಉದ್ದವಿದೆ.

ಎಲ್ಲಿ ಕೂಡದು

ಹೊಡೆತ ಬಡಿತವಿರುವ ಮನೆಯಲ್ಲಿ ಗಂಡಹೆಂಡಿರನ್ನು ಒಟ್ಟಿಗೆ ಕೂರಿಸಿ ಇಂಥ ಆಟ ಆಡಿಸಬಾರದು. ಕೋಣೆಯಲ್ಲಿ ಆಕೆ ಬಿಚ್ಚಿ ಹೇಳಿದ್ದಕ್ಕೆ ಮನೆಯಲ್ಲಿ ದಂಡ ತೆರಬೇಕಾಗುತ್ತದೆ. ‘ಎಲ್ಲರದೂ ಪಾಲಿದೆ’ ಎಂಬ ಕುಟುಂಬ ಚಿಕಿತ್ಸೆಯ ಮಾತು ಅಲ್ಲಿ ಅನ್ಯಾಯವಾಗುತ್ತದೆ. ಹೊಡೆದದ್ದಕ್ಕೆ ಹೊಡೆದವನೇ ಹೊಣೆ. ಹಳೆಯ ಕುಟುಂಬ ಚಿಕಿತ್ಸಕರು ಮನೆಯೊಳಗಿನ ಅಧಿಕಾರವನ್ನು ಕಾಣದೆ ಹೋದರೆಂದು ರೇಚಲ್ ಹೇರ್-ಮಸ್ಟಿನ್ 1978ರಲ್ಲೇ ಬರೆದರು. ಅಂಥ ಸ್ಥಿತಿಯಲ್ಲಿ ಮೊದಲು ಬೇಕಾದದ್ದು ರಕ್ಷಣೆ. ಅದಕ್ಕಾಗಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಇದೆ, ಮಹಿಳಾ ಸಹಾಯವಾಣಿ 181 ಇದೆ, ಮಕ್ಕಳಿಗೆ 1098 ಇದೆ. ಕುಡಿದು ಬಂದವರನ್ನು, ತೀವ್ರ ಮನೋವಿಕಲತೆಯಲ್ಲಿರುವವರನ್ನು ಮೂರ್ತಿಯಾಗಿ ನಿಲ್ಲಿಸುವುದೂ ಸಲ್ಲದು.

ಈ ತಂತ್ರಗಳಿಗೆ ಸಾಕ್ಷ್ಯವೆಷ್ಟು ಎಂದು ವಿಜ್ಞಾನದ ವಿದ್ಯಾರ್ಥಿಗಳು ಕೇಳಬೇಕು. ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಮನೆಯವರಿಗೆ ತಿಳಿವಳಿಕೆ ಕೊಟ್ಟು ಜೊತೆಗೂಡಿಸಿದರೆ ಕಾಯಿಲೆ ಮರುಕಳಿಸುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಬಲವಾದ ಸಂಶೋಧನೆಗಳಿವೆ. ಆದರೆ ಮೂರ್ತಿ ನಿಲ್ಲಿಸುವುದು, ಪಾತ್ರ ಬದಲಿಸುವುದು ಇವನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದ್ದು ಕಡಿಮೆ. ಇವು ಇಡೀ ಚಿಕಿತ್ಸೆಯೊಳಗಿನ ಸಾಧನಗಳು, ತಾವೇ ಚಿಕಿತ್ಸೆಯಲ್ಲ. ಅಲ್ಲದೆ ಹೊಟ್ಟೆನೋವು ಬಂದ ಹುಡುಗನಿಗೆ ಮೊದಲು ವೈದ್ಯರ ಪರೀಕ್ಷೆ ಆಗಲೇಬೇಕು.

ಊರ ಹಿರಿಯರ ಪಂಚಾಯಿತಿಯೂ ಮನೆ ಜಗಳ ಬಿಡಿಸುತ್ತದಲ್ಲ ಎಂದು ನೀವು ಕೇಳಬಹುದು. ಪಂಚರು ಯಾರದು ಸರಿ ಎಂದು ತೀರ್ಪು ಕೊಡುತ್ತಾರೆ, ಸೋತವರು ಸುಮ್ಮನಾಗುತ್ತಾರೆ. ಚಿಕಿತ್ಸಕರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಕೇಳಿದ್ದನ್ನು ಹೊರಗೆ ಹೇಳುವ ಅಧಿಕಾರವೂ ಇಲ್ಲ. ಪ್ರಾಣಾಪಾಯದಂಥ, ಕಾನೂನು ಹೇಳುವ ಕೆಲವು ಸಂದರ್ಭಗಳನ್ನು ಬಿಟ್ಟರೆ ಗೋಪ್ಯವನ್ನು ಕಾಯಲೇಬೇಕು.

ಇದನ್ನೋದಿ ಇಂದು ಸಂಜೆಯೇ ಅಪ್ಪ ಅವ್ವರನ್ನು ನಡುಮನೆಯಲ್ಲಿ ಮೂರ್ತಿ ಮಾಡಲು ಹೋಗಬೇಡಿ. ನೀವು ಆ ಮೂರ್ತಿಯ ಒಳಗಿನ ಒಂದು ಕಲ್ಲು, ಹೊರಗೆ ನಿಂತು ನೋಡುವುದು ನಿಮಗೆ ಸಾಧ್ಯವಿಲ್ಲ. ಅಜ್ಜಿಯನ್ನು ಕೂರಿಸಿಕೊಂಡು ಮೂರು ತಲೆಮಾರಿನ ನಕ್ಷೆ ಬರೆಯುವುದಕ್ಕೆ ಅಡ್ಡಿಯಿಲ್ಲ. ಆದರೆ ಯಾರಾದರೂ ಮೌನವಾದ ಹೆಸರಿನಲ್ಲಿ ಒತ್ತಾಯ ಬೇಡ. ಮನೆಯ ಬಿಗುವು ನಿಮ್ಮ ಓದನ್ನೋ ನಿದ್ದೆಯನ್ನೋ ನುಂಗುತ್ತಿದ್ದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವಿದೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಈ ವಿದ್ಯೆಯನ್ನೇ ಕಲಿಯಬೇಕೆನಿಸಿದರೆ ಪದವಿಯಲ್ಲಿ ಮನಃಶಾಸ್ತ್ರ ಅಥವಾ ಸಮಾಜಕಾರ್ಯ ತೆಗೆದುಕೊಳ್ಳಿ. ಅದಾದ ಮೇಲೂ ಅನುಭವಿಗಳ ಕೈಕೆಳಗೆ ವರ್ಷಗಟ್ಟಲೆ ತರಬೇತಿ ಬೇಕು.

ಇಳಕಲ್ಲಿನ ಆ ಮನೆಯಲ್ಲಿ ಮಾರಿದ ಮಗ್ಗ ಮರಳಿ ಬರುವುದಿಲ್ಲ. ಗಂಡಹೆಂಡಿರು ಈಗಲೂ ಜಗಳಾಡುತ್ತಾರೆ, ಆದರೆ ಒಬ್ಬರಿಗೊಬ್ಬರು ನೇರವಾಗಿ, ಓಣಿಗೆ ಕೇಳಿಸುವಷ್ಟು ಜೋರಾಗಿ. ಹುಡುಗ ಹಾಸ್ಟೆಲಿಗೆ ಮರಳಿದ ಮೇಲೂ ಎರಡು ಸಲ ಹೊಟ್ಟೆ ನೋಯುತ್ತದೆ. ಎರಡನೆಯ ಸಲ ಅವನು ಮನೆಗೆ ಫೋನು ಮಾಡಿದಾಗ ತಾಯಿ ಮಾತಾಡಿ ಮುಗಿಸಿ, ಅಭ್ಯಾಸಬಲದಿಂದ, “ನಿಮ್ಮಪ್ಪಗ ಹೇಳು…” ಎಂದು ಶುರುಮಾಡಿ ತಡೆಯುತ್ತಾಳೆ. “ತಡಿ, ಇಲ್ಲೇ ಅದಾರ, ನಾನ ಹೇಳ್ತೀನಿ” ಎಂದು ಫೋನು ಇಡುತ್ತಾಳೆ.